ಎದುರಾಳಿಗಳೇ ಆಸರೆ: ಅಮೆರಿಕನ್ ಹಾಕಿ ಲೀಗ್‌ನ ತೊಂಬತ್ತು ಋತುಗಳು

ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿಯಲ್ಲಿ ಅಮೆರಿಕನ್ ಹಾಕಿ ಲೀಗ್ ಎರಡನೆಯ ಮೆಟ್ಟಿಲು. ಅದಕ್ಕಿಂತ ಮೇಲೆ ಇರುವುದು ನ್ಯಾಷನಲ್ ಹಾಕಿ ಲೀಗ್ ಒಂದೇ. 1936ರ ನವೆಂಬರಿನಲ್ಲಿ ಎಂಟು ತಂಡಗಳೊಂದಿಗೆ ಆಟ ಆರಂಭಿಸಿದ ಈ ಸಂಸ್ಥೆಗೆ 2025–26 ತೊಂಬತ್ತನೆಯ ಋತು. ಇಂದು ಅಮೆರಿಕ ಮತ್ತು ಕೆನಡಾಗಳಲ್ಲಿ ಇದರ 32 ತಂಡಗಳಿವೆ. ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಆಡುವ ಪ್ರತಿ ಹತ್ತು ಆಟಗಾರರಲ್ಲಿ ಹೆಚ್ಚುಕಡಿಮೆ ಒಂಬತ್ತು ಮಂದಿ ಇಲ್ಲಿ ಪಳಗಿ ಮೇಲೆ ಹೋದವರು.

ಹಾಕಿ ಎಂದೊಡನೆ ಕೊಡಗಿನ ಮೈದಾನಗಳನ್ನು ನೆನೆಯುವ ಕನ್ನಡ ಓದುಗರಿಗೆ ಈ ಆಟದ ಬಗ್ಗೆ ಎರಡು ಮಾತು ಹೇಳಬೇಕು. ಐಸ್ ಹಾಕಿಯಲ್ಲಿ ಒಂದು ತಂಡದಿಂದ ಏಕಕಾಲಕ್ಕೆ ಆರು ಮಂದಿ ಕಣದಲ್ಲಿರುತ್ತಾರೆ, ಅವರಲ್ಲಿ ಒಬ್ಬ ಗೋಲ್‌ಕೀಪರ್. ಎಲ್ಲರ ಕಾಲಲ್ಲೂ ಸ್ಕೇಟ್. ಚೆಂಡಿನ ಬದಲು ಗಟ್ಟಿ ರಬ್ಬರಿನ ಚಪ್ಪಟೆ ಬಿಲ್ಲೆ; ಅದಕ್ಕೆ ಪಕ್ ಎಂದು ಹೆಸರು. ಇಪ್ಪತ್ತು ನಿಮಿಷಗಳ ಮೂರು ಅವಧಿಗಳಲ್ಲಿ ಪಂದ್ಯ ಮುಗಿಯುತ್ತದೆ. ಈ ಆಟಕ್ಕೆ ಬಯಲು ಸಾಲದು. ಮಂಜುಗಡ್ಡೆಯ ನೆಲ, ಅದನ್ನು ಹೆಪ್ಪುಗಟ್ಟಿಸುವ ಯಂತ್ರ, ಪ್ರೇಕ್ಷಕರ ತಲೆಯ ಮೇಲೆ ಸೂರು, ಇಷ್ಟೂ ಬೇಕು. ಆದ್ದರಿಂದ ಐಸ್ ಹಾಕಿ ಸಂಸ್ಥೆಯ ಚರಿತ್ರೆ ಬಹುಪಾಲು ಕಟ್ಟಡಗಳ ಚರಿತ್ರೆಯೂ ಹೌದು.

ಯಾವ ತಂಡವೂ ಒಂಟಿಯಾಗಿ ಆಡಲಾರದು, ಎದುರಿಗೆ ಇನ್ನೊಂದು ತಂಡ ಬೇಕು. ಎದುರಾಳಿ ಮುಳುಗಿದರೆ ಗೆದ್ದವನ ಬಾಗಿಲೂ ಮುಚ್ಚುತ್ತದೆ. ಈ ಸರಳ ಸತ್ಯವನ್ನು ಕಷ್ಟಕಾಲದಲ್ಲಿ ಮನಗಂಡವರು ಕಟ್ಟಿದ ಸಂಸ್ಥೆ ಇದು. ತೊಂಬತ್ತು ಋತುಗಳ ಏಳುಬೀಳುಗಳನ್ನು ಅದು ದಾಟಿ ಬಂದದ್ದೂ ಇದೇ ತಿಳಿವಳಿಕೆಯ ಬಲದಿಂದ.

1926–1936: ಎರಡು ಲೀಗ್‌ಗಳು, ಒಂದೇ ಕಷ್ಟ

ಇಂದಿನ ಲೀಗ್‌ಗೆ ಎರಡು ಮೂಲಗಳಿವೆ. ಮೊದಲನೆಯದು 1926ರಲ್ಲಿ ಹುಟ್ಟಿದ ಕೆನೆಡಿಯನ್-ಅಮೆರಿಕನ್ ಹಾಕಿ ಲೀಗ್. ಅಮೆರಿಕದ ಈಶಾನ್ಯ ಭಾಗದ ಕೈಗಾರಿಕಾ ಪಟ್ಟಣಗಳು ಅದರ ನೆಲೆ. ಎರಡನೆಯದು 1929ರಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಹಾಕಿ ಲೀಗ್. ಅದು ಮಹಾ ಸರೋವರಗಳ ಸುತ್ತಲಿನ ನಗರಗಳಲ್ಲಿ ನೆಲೆಯೂರಿತ್ತು. ಇಂಟರ್‌ನ್ಯಾಷನಲ್ ಲೀಗ್ ತಲೆಯೆತ್ತಿದ ವರ್ಷವೇ ನ್ಯೂಯಾರ್ಕಿನ ಷೇರು ಮಾರುಕಟ್ಟೆ ಕುಸಿಯಿತು. ಮುಂದಿನ ವರ್ಷಗಳಲ್ಲಿ ಗಿರಣಿಗಳು ಮುಚ್ಚಿದವು, ಕಾರ್ಮಿಕರು ಬೀದಿಗೆ ಬಿದ್ದರು. ಟಿಕೆಟ್ ಹಣದಿಂದಲೇ ಬದುಕಬೇಕಾದ ಕ್ಲಬ್‌ಗಳಿಗೆ ಇದು ದೊಡ್ಡ ಪೆಟ್ಟು.

1935–36ರ ಋತು ಮುಗಿದಾಗ ಎರಡೂ ಲೀಗ್‌ಗಳು ಸೊರಗಿದ್ದವು. ಬಾಸ್ಟನ್ನಿನ ತಂಡ ಹೊರನಡೆದದ್ದರಿಂದ ಕೆನೆಡಿಯನ್-ಅಮೆರಿಕನ್ ಲೀಗ್‌ನಲ್ಲಿ ಸ್ಪ್ರಿಂಗ್‌ಫೀಲ್ಡ್, ಫಿಲಡೆಲ್ಫಿಯಾ, ಪ್ರಾವಿಡೆನ್ಸ್ ಮತ್ತು ನ್ಯೂ ಹೇವನ್ ಮಾತ್ರ ಉಳಿದವು. ಇಂಟರ್‌ನ್ಯಾಷನಲ್ ಲೀಗ್ ತನ್ನ ಎಂಟರಲ್ಲಿ ಅರ್ಧವನ್ನು ಕಳೆದುಕೊಂಡು ಬಫಲೋ, ಸಿರಾಕ್ಯೂಸ್, ಪಿಟ್ಸ್‌ಬರ್ಗ್ ಮತ್ತು ಕ್ಲೀವ್‌ಲ್ಯಾಂಡ್‌ಗಳಿಗೆ ಇಳಿದಿತ್ತು. ನಾಲ್ಕೇ ತಂಡಗಳು ಇಡೀ ಚಳಿಗಾಲ ಮತ್ತೆ ಮತ್ತೆ ತಮ್ಮತಮ್ಮಲ್ಲೇ ಆಡಿದರೆ ಪ್ರೇಕ್ಷಕರಿಗೆ ಬೇಸರ ಬರದಿರದು. ಇನ್ನೊಂದು ತಂಡ ನಿಂತರೆ ಲೀಗೇ ಇರುವುದಿಲ್ಲ.

ಎರಡೂ ಕಡೆಯ ಆಡಳಿತಗಾರರಿಗೆ ತಮ್ಮತಮ್ಮ ಲೀಗ್‌ನ ಹೆಸರು, ಗೌರವ, ಪರಂಪರೆಗಳ ಬಗ್ಗೆ ಅಭಿಮಾನವಿತ್ತು. ಅದನ್ನು ಬಿಡದೆಯೇ ಅವರು ಒಂದು ನಡುದಾರಿ ಕಂಡುಕೊಂಡರು. ಲೀಗ್‌ಗಳು ಎರಡಾಗಿಯೇ ಉಳಿಯಲಿ, ಪಂದ್ಯಗಳ ವೇಳಾಪಟ್ಟಿ ಮಾತ್ರ ಒಂದಾಗಲಿ ಎಂಬುದು ಆ ಒಪ್ಪಂದ. ಪರಸ್ಪರ ಅನುಕೂಲಕ್ಕಾಗಿ ಕೂಡಿದ ಈ ಕೂಟಕ್ಕೆ ಇಂಟರ್‌ನ್ಯಾಷನಲ್-ಅಮೆರಿಕನ್ ಹಾಕಿ ಲೀಗ್ ಎಂದು ಎರಡೂ ಹೆಸರುಗಳನ್ನು ಜೋಡಿಸಿ ಕರೆದರು.

1936–37: ಮೊದಲ ಋತು

ಕೆನೆಡಿಯನ್-ಅಮೆರಿಕನ್ ಲೀಗ್‌ನ ನಾಲ್ಕು ತಂಡಗಳು ಪೂರ್ವ ವಿಭಾಗವಾದವು, ಇಂಟರ್‌ನ್ಯಾಷನಲ್ ಲೀಗ್‌ನ ನಾಲ್ಕು ತಂಡಗಳು ಪಶ್ಚಿಮ ವಿಭಾಗವಾದವು. ಒಂದೊಂದು ತಂಡಕ್ಕೂ 48 ಪಂದ್ಯಗಳೆಂದು ನಿಗದಿಯಾಯಿತು. ಇಂಟರ್‌ನ್ಯಾಷನಲ್ ಲೀಗ್‌ನವರು ತಮ್ಮ ಹಳೆಯ ಪಾರಿತೋಷಕ ಟೆಡ್ಡಿ ಓಕ್ ಟ್ರೋಫಿಯನ್ನು ಪಶ್ಚಿಮ ವಿಭಾಗದ ವಿಜೇತರಿಗೆಂದು ಹೊಸ ಕೂಟಕ್ಕೆ ಒಪ್ಪಿಸಿದರು. ಆ ಟ್ರೋಫಿ ಇಂದಿಗೂ ಲೀಗ್‌ನಲ್ಲಿ ವಿಭಾಗದ ಪ್ರಶಸ್ತಿಯಾಗಿ ಉಳಿದಿದೆ.

ಆಟ ಆರಂಭವಾಗಿ ಒಂದು ತಿಂಗಳು ಕಳೆಯುವಷ್ಟರಲ್ಲಿ ಮೊದಲ ಆಘಾತ ಬಂತು. ಬಫಲೋ ತಂಡದ ನೆಲೆಯಾಗಿದ್ದ ಪೀಸ್ ಬ್ರಿಜ್ ಅರೀನಾ ನಯಾಗರಾ ನದಿಯಾಚೆ ಕೆನಡಾದ ಫೋರ್ಟ್ ಈರಿ ಪಟ್ಟಣದಲ್ಲಿತ್ತು. 1936ರ ಮಾರ್ಚ್‌ನಲ್ಲಿ ಸುರಿದ ಭಾರಿ ಹಿಮದ ತೂಕಕ್ಕೆ ಅದರ ಚಾವಣಿ ಕುಸಿದಿತ್ತು. ಸ್ವಂತ ಸೂರಿಲ್ಲದ ಬಫಲೋ ಬೈಸನ್ಸ್ ತಂಡ ಹಣದ ಮುಗ್ಗಟ್ಟನ್ನು ತಾಳಲಾರದೆ, ಹನ್ನೊಂದು ಪಂದ್ಯಗಳನ್ನಾಡಿ 1936ರ ಡಿಸೆಂಬರ್ 6ರಂದು ಚಟುವಟಿಕೆ ನಿಲ್ಲಿಸಿತು. ಎಂಟಿದ್ದುದು ಏಳಾಯಿತು. ಎರಡು ಲೀಗ್‌ಗಳೂ ಬೇರೆ ಬೇರೆಯಾಗಿ ಆಡುತ್ತಿದ್ದರೆ ಪಶ್ಚಿಮದವರ ಆಟ ಅಲ್ಲಿಗೇ ಮುಗಿಯುತ್ತಿತ್ತು. ವೇಳಾಪಟ್ಟಿ ಒಂದಾಗಿದ್ದರಿಂದ ಉಳಿದ ಏಳು ತಂಡಗಳು ಋತುವನ್ನು ಕೊನೆಯವರೆಗೂ ಆಡಿದವು. ಒಪ್ಪಂದ ತನ್ನ ಬೆಲೆಯನ್ನು ಮೊದಲ ಚಳಿಗಾಲದಲ್ಲೇ ತೋರಿಸಿಕೊಟ್ಟಿತು.

ಪೂರ್ವದಲ್ಲಿ ನ್ಯಾಷನಲ್ ಹಾಕಿ ಲೀಗ್‌ನ ನ್ಯೂಯಾರ್ಕ್ ರೇಂಜರ್ಸ್ ಕ್ಲಬ್‌ನ ಆಸರೆಯಿದ್ದ ಫಿಲಡೆಲ್ಫಿಯಾ ರ‍್ಯಾಂಬ್ಲರ್ಸ್, ಪಶ್ಚಿಮದಲ್ಲಿ ಸಿರಾಕ್ಯೂಸ್ ಸ್ಟಾರ್ಸ್ ಮುಂಚೂಣಿಯಲ್ಲಿದ್ದವು. ಅಂಕ ಗಳಿಕೆಯಲ್ಲಿ ಸಿರಾಕ್ಯೂಸ್‌ನ ಜ್ಯಾಕ್ ಮಾರ್ಕಲ್ ಎಲ್ಲರಿಗಿಂತ ಮುಂದಿದ್ದರು. ಋತುವಿನ ಕೊನೆಯಲ್ಲಿ ಮೂರು ಸುತ್ತುಗಳ ನಿರ್ಣಾಯಕ ಪಂದ್ಯಗಳನ್ನು ಏರ್ಪಡಿಸಿ, ಗೆದ್ದವರಿಗೆ ಹೊಸದೊಂದು ಬಟ್ಟಲನ್ನು ಕೊಡಲು ನಿರ್ಧರಿಸಲಾಯಿತು. ನ್ಯಾಷನಲ್ ಹಾಕಿ ಲೀಗ್‌ನ ಮೊದಲ ಅಧ್ಯಕ್ಷ ಫ್ರ್ಯಾಂಕ್ ಕಾಲ್ಡರ್ ಅವರ ಹೆಸರಿನ ಕಾಲ್ಡರ್ ಕಪ್ ಅದು. ಅಂತಿಮ ಸುತ್ತಿನಲ್ಲಿ ಸಿರಾಕ್ಯೂಸ್ ಸ್ಟಾರ್ಸ್ ಮೂರು ಪಂದ್ಯ ಗೆದ್ದು, ಒಂದು ಸೋತು, ಫಿಲಡೆಲ್ಫಿಯಾವನ್ನು ಹಿಂದಿಕ್ಕಿತು. ಆ ಕಪ್ಪಿಗಾಗಿ ಇಂದಿಗೂ ಪ್ರತಿ ಬೇಸಿಗೆಯ ಹೊಸ್ತಿಲಲ್ಲಿ ತಂಡಗಳು ಸೆಣಸುತ್ತಿವೆ.

1938–1940: ಕೂಟ ಸಂಸ್ಥೆಯಾದದ್ದು

ಎರಡು ಋತು ಹೀಗೆ ಜೊತೆಯಾಗಿ ಆಡಿದ ಮೇಲೆ ಬೇರೆತನದ ಅಗತ್ಯ ಯಾರಿಗೂ ಕಾಣಲಿಲ್ಲ. 1938ರ ಜೂನ್ 28ರಂದು ನ್ಯೂಯಾರ್ಕಿನಲ್ಲಿ ಸೇರಿದ ಸಭೆ ವಿಧಿವತ್ತಾದ ವಿಲೀನಕ್ಕೆ ಒಪ್ಪಿತು. ಕೆನೆಡಿಯನ್-ಅಮೆರಿಕನ್ ಲೀಗ್‌ನ ಮುಖ್ಯಸ್ಥರಾಗಿದ್ದ ನ್ಯೂ ಹೇವನ್‌ನ ವಕೀಲ ಮಾರಿಸ್ ಪೊಡೊಲಾಫ್ ಮೊದಲ ಅಧ್ಯಕ್ಷರಾದರು. ಇಂಟರ್‌ನ್ಯಾಷನಲ್ ಲೀಗ್‌ನ ಅಧ್ಯಕ್ಷರಾಗಿದ್ದ ವಿಂಡ್ಸರ್‌ನ ಜಾನ್ ಚಿಕ್ ಉಪಾಧ್ಯಕ್ಷರಾಗಿ ತೀರ್ಪುಗಾರರ ಹೊಣೆ ಹೊತ್ತರು. ಹಿರಿತನದ ಪ್ರಶ್ನೆಯನ್ನು ಹೀಗೆ ಎರಡೂ ಕಡೆಗೆ ಸಮಾಧಾನವಾಗುವಂತೆ ಬಗೆಹರಿಸಿದ್ದು ಅಂದಿನ ಹಿರಿಯರ ದೂರದೃಷ್ಟಿ. ಪಂದ್ಯಗಳ ಸಂಖ್ಯೆ 48ರಿಂದ 54ಕ್ಕೆ ಏರಿತು.

ಅದೇ ಸಭೆಯಲ್ಲಿ ಬಫಲೋ ಬಿಟ್ಟುಹೋದ ಜಾಗಕ್ಕೆ ಪೆನ್ಸಿಲ್ವೇನಿಯಾದ ಹರ್ಷಿ ಬೇರ್ಸ್ ತಂಡವನ್ನು ಸೇರಿಸಿಕೊಳ್ಳಲಾಯಿತು. ಹವ್ಯಾಸಿಗಳ ಲೀಗ್‌ನಲ್ಲಿ ಸತತ ಎರಡು ಬಾರಿ ಚಾಂಪಿಯನ್ ಆಗಿ ಬಂದಿದ್ದ ತಂಡವದು. 1938–39ರಿಂದ ಇಂದಿನವರೆಗೆ ಒಂದು ಋತುವೂ ತಪ್ಪದೆ ಈ ಲೀಗ್‌ನಲ್ಲಿ ಆಡುತ್ತಾ ಬಂದಿರುವ ಊರು ಹರ್ಷಿ ಒಂದೇ. 13 ಬಾರಿ ಕಾಲ್ಡರ್ ಕಪ್ ಗೆದ್ದ ದಾಖಲೆಯೂ ಅದರದೇ.

1940ರಲ್ಲಿ ಹೆಸರಿನಿಂದ ಇಂಟರ್‌ನ್ಯಾಷನಲ್ ಎಂಬುದನ್ನು ಕೈಬಿಟ್ಟು ಅಮೆರಿಕನ್ ಹಾಕಿ ಲೀಗ್ ಎಂದಷ್ಟೇ ಉಳಿಸಿಕೊಂಡರು. ಅದೇ ವರ್ಷ ಬಫಲೋದಲ್ಲಿ ಮೆಮೋರಿಯಲ್ ಆಡಿಟೋರಿಯಂ ತೆರೆಯಿತು. ಮೊದಲ ಕಾಲ್ಡರ್ ಕಪ್ ಗೆದ್ದ ಸಿರಾಕ್ಯೂಸ್ ಸ್ಟಾರ್ಸ್ ತಂಡವೇ ಅಲ್ಲಿಗೆ ನೆಲೆ ಬದಲಿಸಿ, ಬಫಲೋ ಬೈಸನ್ಸ್ ಎಂಬ ಹಳೆಯ ಹೆಸರನ್ನು ಹೊತ್ತು ಕಣಕ್ಕಿಳಿಯಿತು. ಮೊದಲ ಋತುವಿನ ನಡುವೆಯೇ ಕಳಚಿದ್ದ ಕೊಂಡಿ ಹೀಗೆ ಮತ್ತೆ ಕೂಡಿಕೊಂಡಿತು.

ಸೂರುಗಳ ಕಥೆ

ಅಂದಿನ ಅರೀನಾಗಳು ಒಂದೊಂದೂ ಒಂದೊಂದು ಬಗೆ. ಕ್ಲೀವ್‌ಲ್ಯಾಂಡ್ ತಂಡ ಮೊದಲಿಗೆ ಆಡುತ್ತಿದ್ದುದು 1907ರಲ್ಲಿ ಕಟ್ಟಿದ ಎಲಿಸಿಯಂ ಎಂಬ ಸ್ಕೇಟಿಂಗ್ ಭವನದಲ್ಲಿ. ಪಿಟ್ಸ್‌ಬರ್ಗ್‌ನ ಡ್ಯುಕೇನ್ ಗಾರ್ಡನ್ ಮೂಲತಃ ಟ್ರಾಮ್ ಗಾಡಿಗಳನ್ನು ನಿಲ್ಲಿಸುವ ಕೊಟ್ಟಿಗೆ. ಸ್ಪ್ರಿಂಗ್‌ಫೀಲ್ಡ್ ತಂಡದ ನೆಲೆ ಪ್ರಾಂತ್ಯದ ಕೃಷಿ ಮತ್ತು ಜಾನುವಾರು ಮೇಳ ನಡೆಯುವ ಆವರಣದ ಕೊಲೀಸಿಯಂ. ಹೊಸ ಕಟ್ಟಡ ಕಟ್ಟಲು ಹಣವಿಲ್ಲದ ಊರುಗಳು ಇದ್ದ ಕಟ್ಟಡದಲ್ಲೇ ಮಂಜಿನ ನೆಲ ಹಾಸಿ ಆಟಕ್ಕೆ ಎಡೆ ಮಾಡಿಕೊಟ್ಟವು.

ಹರ್ಷಿಯ ಕಟ್ಟಡದ್ದು ವಿಶೇಷ ಕಥೆ. ಚಾಕೊಲೇಟ್ ಉದ್ಯಮಿ ಮಿಲ್ಟನ್ ಹರ್ಷಿ ಆರ್ಥಿಕ ಕುಸಿತದ ವರ್ಷಗಳಲ್ಲಿ ತಮ್ಮ ಊರಿನ ಜನ ಕೆಲಸವಿಲ್ಲದೆ ಕೂರಬಾರದೆಂದು ಒಂದಾದ ಮೇಲೊಂದು ಕಟ್ಟಡ ಕಟ್ಟಿಸಿದರು. ಹೋಟೆಲು, ಸಮುದಾಯ ಭವನಗಳ ಜೊತೆಗೆ ಎದ್ದು ನಿಂತದ್ದು ಹಾಕಿ ಅರೀನಾ. ಜರ್ಮನಿಯ ತಂತ್ರವನ್ನು ಅರಿತಿದ್ದ ಎಂಜಿನಿಯರ್ ಆಂಟನ್ ಟೆಡೆಸ್ಕೊ ಇದಕ್ಕೆ ತೆಳು ಕಾಂಕ್ರೀಟಿನ ಕಮಾನು ಚಾವಣಿಯನ್ನು ವಿನ್ಯಾಸಗೊಳಿಸಿದರು. ನಡುವೆ ಒಂದು ಕಂಬವೂ ಇಲ್ಲ, ಯಾವ ಆಸನದಿಂದ ನೋಡಿದರೂ ಇಡೀ ಕಣ ಕಾಣುತ್ತದೆ. ಅನುಭವಿ ಗುತ್ತಿಗೆದಾರರ ಪಡೆಗಿಂತ ಹೆಚ್ಚಾಗಿ ಊರಿನ ಕೆಲಸಗಾರರೇ ಅದನ್ನು ಕಟ್ಟಿದರು. 1936ರ ಡಿಸೆಂಬರ್ 19ರಂದು, ಅಂದರೆ ಬಫಲೋ ತಂಡ ಮುಚ್ಚಿದ ಎರಡೇ ವಾರಗಳ ಅಂತರದಲ್ಲಿ, ಅದು ಬಾಗಿಲು ತೆರೆಯಿತು. 2002ರಲ್ಲಿ ಪಕ್ಕದ ಜೈಂಟ್ ಸೆಂಟರ್‌ಗೆ ನೆಲೆ ಬದಲಿಸುವವರೆಗೂ ಹರ್ಷಿ ಬೇರ್ಸ್ ಆಡಿದ್ದು ಅಲ್ಲೇ. ಬ್ಯಾಸ್ಕೆಟ್‌ಬಾಲ್ ಆಟಗಾರ ವಿಲ್ಟ್ ಚೇಂಬರ್ಲೇನ್ 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದ್ದೂ ಇದೇ ಸೂರಿನ ಕೆಳಗೆ.

ಕ್ಲೀವ್‌ಲ್ಯಾಂಡ್‌ನಲ್ಲಿ ಆಲ್ ಸಟ್‌ಫಿನ್ ತಮ್ಮ ತಂಡಕ್ಕೆ ಬ್ಯಾರನ್ಸ್ ಎಂಬ ಹೊಸ ಹೆಸರಿಟ್ಟು, 1937ರ ನವೆಂಬರಿನಲ್ಲಿ ಹೊಸ ಅರೀನಾ ತೆರೆದರು. ಆ ಸೂರಿನ ಬಲದಿಂದ ಬ್ಯಾರನ್ಸ್ 1939ರಿಂದ 1964ರವರೆಗೆ ಒಂಬತ್ತು ಬಾರಿ ಕಾಲ್ಡರ್ ಕಪ್ ಗೆದ್ದಿತು. ಇದಕ್ಕೆ ವಿರುದ್ಧವಾದ ಉದಾಹರಣೆ ಪಿಟ್ಸ್‌ಬರ್ಗ್‌ನದು. 1956ರಲ್ಲಿ ಡ್ಯುಕೇನ್ ಗಾರ್ಡನ್ ಕೆಡವಿದಾಗ ಹಾರ್ನೆಟ್ಸ್ ತಂಡ ಆಟ ನಿಲ್ಲಿಸಬೇಕಾಯಿತು. ತೆರೆದು ಮುಚ್ಚಬಲ್ಲ ಗುಮ್ಮಟದ ಸಿವಿಕ್ ಅರೀನಾ 1961ರಲ್ಲಿ ಸಿದ್ಧವಾದ ಮೇಲಷ್ಟೇ ಅದು ಮರಳಿತು.

1941–1946: ಯುದ್ಧದ ವರ್ಷಗಳು

ಎರಡನೆಯ ಮಹಾಯುದ್ಧ ಆಟಗಾರರನ್ನು ಸೇನೆಗೆ ಕರೆಯಿತು, ಕಟ್ಟಡಗಳನ್ನೂ ಕೇಳಿತು. ಸ್ಪ್ರಿಂಗ್‌ಫೀಲ್ಡ್‌ನ ಕೊಲೀಸಿಯಂ ಅಮೆರಿಕದ ಸೇನೆಯ ವಶಕ್ಕೆ ಹೋದಾಗ ತಂಡದ ಮಾಲೀಕ ಎಡ್ಡಿ ಶೋರ್ ತಮ್ಮ ಆಟಗಾರರನ್ನು ಬಫಲೋಗೆ ಕರೆದೊಯ್ದರು. 1943–44ರಲ್ಲಿ ಲೀಗ್ ಆರು ತಂಡಗಳಿಗೆ ಇಳಿಯಿತು. ಆದರೂ ಒಂದು ಋತುವೂ ನಿಲ್ಲಲಿಲ್ಲ. ಬಫಲೋ 1943 ಮತ್ತು 1944ರಲ್ಲಿ ಸತತವಾಗಿ ಕಪ್ ಗೆದ್ದಿತು.

ಮರಳಿ ಬಾರದವರೂ ಇದ್ದರು. ಪ್ರಾವಿಡೆನ್ಸ್ ಪರವಾಗಿ ಆಡಿ ನ್ಯೂಯಾರ್ಕ್ ರೇಂಜರ್ಸ್‌ಗೂ ಏರಿದ್ದ ತರುಣ ಡಡ್ಲಿ ಗ್ಯಾರೆಟ್ ಕೆನಡಾದ ನೌಕಾಪಡೆ ಸೇರಿ, 1944ರ ನವೆಂಬರಿನಲ್ಲಿ ತಮ್ಮ ಹಡಗಿನೊಂದಿಗೆ ಸಮುದ್ರದ ಪಾಲಾದರು. ಕೂದಲಿನ ಕೆಂಪು ಬಣ್ಣದಿಂದ ಗೆಳೆಯರ ಬಾಯಲ್ಲಿ ಅವರು ರೆಡ್ ಗ್ಯಾರೆಟ್. 1947–48ರಿಂದ ಲೀಗ್ ಪ್ರತಿ ಋತುವಿನ ಶ್ರೇಷ್ಠ ಹೊಸ ಆಟಗಾರನಿಗೆ ಅವರ ಹೆಸರಿನ ಪ್ರಶಸ್ತಿ ನೀಡುತ್ತಿದೆ. ಬದುಕು ಅರಳುವ ವಯಸ್ಸಿನಲ್ಲೇ ಅಳಿದವನ ಹೆಸರನ್ನು ಹೊಸಬರ ಕೈಗಿಡುವ ಈ ಪದ್ಧತಿ ಸಂಸ್ಥೆಯ ಮನಸ್ಸನ್ನು ತೋರಿಸುತ್ತದೆ.

1946ರಲ್ಲಿ ಅರೀನಾ ಮಾಲೀಕರು ಕೂಡಿ ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ಗೂ ಒಂದು ಸಂಸ್ಥೆ ಕಟ್ಟಿದರು. ಹಾಕಿ ಇಲ್ಲದ ರಾತ್ರಿಗಳಲ್ಲಿ ಕಟ್ಟಡಗಳು ಖಾಲಿ ಬೀಳಬಾರದೆಂಬುದು ಅವರ ಲೆಕ್ಕ. ಅದರ ಅಧ್ಯಕ್ಷರಾಗಿ ಆರಿಸಿದ್ದು ಇದೇ ಪೊಡೊಲಾಫ್ ಅವರನ್ನು. ಮುಂದೆ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್ ಎಂದು ಜಗತ್ತಿಗೆ ಪರಿಚಿತವಾದ ಸಂಸ್ಥೆ ಅದು. 1952ರವರೆಗೆ ಅವರು ಎರಡೂ ಹೊಣೆಗಳನ್ನು ಹೊತ್ತರು.

1946–1967: ಊರಿನ ತಂಡಗಳ ಕಾಲ

ಯುದ್ಧಾನಂತರದ ಎರಡು ದಶಕಗಳಲ್ಲಿ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಇದ್ದದ್ದು ಆರೇ ತಂಡಗಳು. ಅಲ್ಲಿ ಜಾಗ ಸಿಗದ ಎಷ್ಟೋ ಶ್ರೇಷ್ಠ ಆಟಗಾರರು ತಮ್ಮ ಬಾಳಿನ ಬಹುಪಾಲನ್ನು ಇಲ್ಲೇ ಕಳೆದರು. ವಿಲ್ಲಿ ಮಾರ್ಷಲ್ 523 ಗೋಲು ಹೊಡೆದು, 852 ಗೋಲುಗಳಿಗೆ ನೆರವಾಗಿ, ಒಟ್ಟು 1,375 ಅಂಕ ಗಳಿಸಿದರು. ಆ ದಾಖಲೆಯನ್ನು ಇದುವರೆಗೆ ಯಾರೂ ಮುರಿದಿಲ್ಲ. ಗೋಲ್‌ಕೀಪರ್ ಜಾನಿ ಬೋವರ್ ಹತ್ತಕ್ಕೂ ಹೆಚ್ಚು ವರ್ಷ ಹೆಚ್ಚಾಗಿ ಇಲ್ಲೇ ಆಡಿ, ಮೂವತ್ತು ದಾಟಿದ ಮೇಲೆ ಟೊರಾಂಟೊ ತಂಡದ ಗೋಲ್‌ಕೀಪರ್ ಆಗಿ ನೆಲೆನಿಂತರು. ಕ್ಲೀವ್‌ಲ್ಯಾಂಡ್‌ನ ಫ್ರೆಡ್ ಗ್ಲೋವರ್, ಹರ್ಷಿಯಲ್ಲಿ ಆಟಗಾರನಾಗಿ, ತರಬೇತುದಾರನಾಗಿ, ಆಡಳಿತಗಾರನಾಗಿ ದಶಕಗಳ ಕಾಲ ದುಡಿದ ಫ್ರ್ಯಾಂಕ್ ಮ್ಯಾಥರ್ಸ್ ಅವರಂಥವರು ಊರಿನವರೇ ಆಗಿಹೋದರು.

ಇದರಿಂದ ಪಟ್ಟಣಗಳಿಗೆ ದಕ್ಕಿದ್ದು ಬರಿಯ ಮನರಂಜನೆಯಲ್ಲ. ಬೇಗ ಕತ್ತಲಾಗುವ ಉದ್ದನೆಯ ಚಳಿಗಾಲದಲ್ಲಿ ಗಿರಣಿಯ ಪಾಳಿ ಮುಗಿಸಿದವರು ಮಕ್ಕಳನ್ನು ಕರೆದುಕೊಂಡು ಹೋಗಿ ಕೂರಬಹುದಾದ, ಕೈಗೆಟಕುವ ಬೆಲೆಯ ಒಂದು ಜಾಗ ಸಿಕ್ಕಿತು. ಪ್ರಾವಿಡೆನ್ಸ್‌ನಲ್ಲೋ ಸ್ಪ್ರಿಂಗ್‌ಫೀಲ್ಡ್‌ನಲ್ಲೋ ಇರುವವನು ಬಾಸ್ಟನ್ನಿನ ಅಥವಾ ನ್ಯೂಯಾರ್ಕಿನ ಹಂಗಿಲ್ಲದೆ ತನ್ನೂರಿನ ತಂಡ ಎಂದು ಹೇಳಿಕೊಳ್ಳುವಂತಾಯಿತು. ತಂಡಗಳು ನಮ್ಮ ಯಕ್ಷಗಾನ ಮೇಳಗಳ ತಿರುಗಾಟದಂತೆ ರಾತ್ರಿ ಆಟ ಮುಗಿಸಿ, ಬಸ್ಸಿನಲ್ಲೇ ನಿದ್ದೆ ಮಾಡಿ, ಮರುದಿನ ಮತ್ತೊಂದೂರಿನಲ್ಲಿ ಕಣಕ್ಕಿಳಿಯುತ್ತಿದ್ದವು.

1956ರಲ್ಲಿ ರಾಚೆಸ್ಟರ್ ಸೇರಿತು. ಅದು ಇಂದಿಗೂ ಲೀಗ್‌ನಲ್ಲಿದೆ. 1959ರಲ್ಲಿ ಕೆನಡಾದ ಕ್ವಿಬೆಕ್ ಏಸಸ್ ಬಂದಾಗ ಲೀಗ್ ಗಡಿ ದಾಟಿತು. 1960, 1961, 1962ರಲ್ಲಿ ಸ್ಪ್ರಿಂಗ್‌ಫೀಲ್ಡ್ ಸತತ ಮೂರು ಬಾರಿ ಕಪ್ ಗೆದ್ದಿತು.

ಆ ತಂಡದ ಮಾಲೀಕ ಎಡ್ಡಿ ಶೋರ್ ತಮ್ಮ ಕಾಲದ ಮಹಾನ್ ರಕ್ಷಣಾ ಆಟಗಾರ, ಶಿಸ್ತಿನ ಮನುಷ್ಯ. ಆಟಗಾರರು ಮತ್ತು ಆಡಳಿತದ ನಡುವೆ 1966–67ರಲ್ಲಿ ಭಿನ್ನಾಭಿಪ್ರಾಯ ಬೆಳೆದು, ತಂಡ ಆಡಲು ನಿರಾಕರಿಸುವ ಹಂತಕ್ಕೆ ಹೋಯಿತು. ಟೊರಾಂಟೊದ ವಕೀಲ ಆಲನ್ ಈಗಲ್‌ಸನ್ ಮಧ್ಯಸ್ಥಿಕೆ ವಹಿಸಿದರು, ಶೋರ್ ದಿನನಿತ್ಯದ ಆಡಳಿತದಿಂದ ಹಿಂದೆ ಸರಿದರು. ಈ ಪ್ರಸಂಗದಿಂದ ಒಳಿತೇ ಆಯಿತು. 1967ರಲ್ಲಿ ನ್ಯಾಷನಲ್ ಹಾಕಿ ಲೀಗ್ ಆಟಗಾರರ ಸಂಘವೂ, ಕೆಳಹಂತದ ಲೀಗ್‌ಗಳ ಆಟಗಾರರಿಗಾಗಿ ಪ್ರತ್ಯೇಕ ಸಂಘವೂ ಹುಟ್ಟಿದವು. ವೃತ್ತಿಪರ ಆಟಗಾರನ ಬದುಕಿಗೆ ಒಂದು ಭದ್ರತೆ ದೊರೆಯುವ ದಾರಿ ಅಲ್ಲಿಂದ ತೆರೆಯಿತು. ಶೋರ್ ಅವರ ಸೋದರಳಿಯ ಜ್ಯಾಕ್ ಬಟರ್‌ಫೀಲ್ಡ್ 1966ರಲ್ಲೇ ಲೀಗ್‌ನ ಅಧ್ಯಕ್ಷರಾಗಿದ್ದರು. ಮುಂದಿನ 28 ವರ್ಷಗಳ ಕಾಲ ಚುಕ್ಕಾಣಿ ಅವರ ಕೈಯಲ್ಲಿತ್ತು.

1967–1978: ಅಳಿವು ಉಳಿವಿನ ದಶಕ

ಬಟರ್‌ಫೀಲ್ಡ್ ಎದುರಿಸಿದ್ದು ಅತ್ಯಂತ ಕಠಿಣ ಕಾಲ. 1967ರಲ್ಲಿ ನ್ಯಾಷನಲ್ ಹಾಕಿ ಲೀಗ್ ಆರರಿಂದ ಹನ್ನೆರಡು ತಂಡಗಳಿಗೆ ಬೆಳೆಯಿತು. ಪಿಟ್ಸ್‌ಬರ್ಗ್ ಹಾರ್ನೆಟ್ಸ್ ಆ ವರ್ಷ ಕಾಲ್ಡರ್ ಕಪ್ ಗೆದ್ದು, ಗೆದ್ದ ಬೆನ್ನಿಗೇ ದೊಡ್ಡ ಲೀಗ್‌ನ ಹೊಸ ತಂಡಕ್ಕೆ ಜಾಗ ಬಿಟ್ಟಿತು. 1970ರಲ್ಲಿ ಬಫಲೋದ್ದೂ ಅದೇ ಕಥೆ. ಬೈಸನ್ಸ್ ತನ್ನ ಕೊನೆಯ ಋತುವಿನಲ್ಲಿ ಕಪ್ ಗೆದ್ದು ತೆರೆಮರೆಗೆ ಸರಿಯಿತು. 1972ರಲ್ಲಿ ವರ್ಲ್ಡ್ ಹಾಕಿ ಅಸೋಸಿಯೇಷನ್ ಎಂಬ ಪ್ರತಿಸ್ಪರ್ಧಿ ಸಂಸ್ಥೆ ಹುಟ್ಟಿ, ಹೆಚ್ಚು ಸಂಬಳ ಕೊಟ್ಟು ಆಟಗಾರರನ್ನು ಸೆಳೆಯಿತು. 1974ರ ಹೊತ್ತಿಗೆ ಎರಡೂ ದೊಡ್ಡ ಲೀಗ್‌ಗಳಲ್ಲಿ ಸೇರಿ 32 ತಂಡಗಳಿದ್ದವು. ಒಂಬತ್ತು ಕಪ್ ಗೆದ್ದ ಕ್ಲೀವ್‌ಲ್ಯಾಂಡ್ ಬ್ಯಾರನ್ಸ್ 1973ರಲ್ಲಿ ಋತುವಿನ ನಡುವೆಯೇ ಊರು ಬಿಡಬೇಕಾಯಿತು.

1976–77ರಲ್ಲಿ ಉಳಿದದ್ದು ಆರೇ ತಂಡಗಳು. ಮೊದಲ ಋತುವಿನಿಂದ ಬಂದಿದ್ದ ಪ್ರಾವಿಡೆನ್ಸ್‌ನ ರೆಡ್ಸ್ ತಂಡ 1977ರಲ್ಲಿ ಊರು ತೊರೆಯಿತು. ಆಗ ಫಿಲಡೆಲ್ಫಿಯಾ ಫ್ಲೈಯರ್ಸ್ ಕ್ಲಬ್ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಮೇನ್ ಮ್ಯಾರಿನರ್ಸ್ ತಂಡವನ್ನು ಕಟ್ಟಿ ಲೀಗ್‌ಗೆ ಬಂದದ್ದು ಹೊಸ ಜೀವ ತಂದಿತು. ಆ ತಂಡ ತನ್ನ ಮೊದಲ ಎರಡು ಋತುಗಳಲ್ಲೂ, 1978 ಮತ್ತು 1979ರಲ್ಲಿ, ಕಪ್ ಗೆದ್ದಿತು. ನಾರ್ತ್ ಅಮೆರಿಕನ್ ಹಾಕಿ ಲೀಗ್ ಎಂಬ ಇನ್ನೊಂದು ಸಂಸ್ಥೆ ಮುಚ್ಚಿದ್ದರಿಂದ ನೆಲೆ ಕಳೆದುಕೊಂಡ ಊರುಗಳೂ ಇತ್ತ ತಿರುಗಿದವು. ಇದಕ್ಕೂ ಮೊದಲು, 1972ರಲ್ಲೇ ಹ್ಯಾಲಿಫ್ಯಾಕ್ಸ್‌ನ ನೋವಾ ಸ್ಕೋಶಿಯಾ ವಾಯೇಜರ್ಸ್ ಕಾಲ್ಡರ್ ಕಪ್ ಗೆದ್ದ ಕೆನಡಾದ ಮೊದಲ ತಂಡವಾಗಿತ್ತು.

1979–2001: ಗುರಿ ಬದಲಾದ ಬಗೆ

ಈ ಕಾಲದಲ್ಲಿ ಲೀಗ್‌ನ ಉದ್ದೇಶ ಸ್ಪಷ್ಟವಾಗಿ ಬದಲಾಯಿತು. ಮೊದಲು ಅನುಭವಿ ಆಟಗಾರರು ಇಡೀ ಬಾಳು ಕಳೆಯುವ ಸ್ವತಂತ್ರ ಕ್ಲಬ್‌ಗಳ ಕೂಟವಾಗಿದ್ದುದು, ಈಗ ಇಪ್ಪತ್ತರ ಹರೆಯದವರನ್ನು ಪಳಗಿಸುವ ಶಾಲೆಯಾಯಿತು. ಒಂದೊಂದು ತಂಡಕ್ಕೂ ನ್ಯಾಷನಲ್ ಹಾಕಿ ಲೀಗ್‌ನ ಒಂದೊಂದು ಕ್ಲಬ್‌ನೊಂದಿಗೆ ಸಂಬಂಧ ಗಟ್ಟಿಯಾಯಿತು. ಪಂದ್ಯಕ್ಕೆ ಇಳಿಸಬಹುದಾದ ಹಳಬರ ಸಂಖ್ಯೆಗೆ ಮಿತಿ ಹಾಕಿ ಹೊಸಬರಿಗೆ ಜಾಗ ಕಾದಿರಿಸಲಾಯಿತು. ಊರಿನ ಅಭಿಮಾನಿಗಳಿಗೆ ಇದು ಸುಲಭವಾಗಿರಲಿಲ್ಲ. ತಾವು ಮೆಚ್ಚಿದ ಆಟಗಾರ ಋತುವಿನ ನಡುವೆಯೇ ಮೇಲಿನ ಕರೆ ಬಂದು ಹೊರಟುಬಿಡುತ್ತಾನೆ. ಆದರೂ ಅವನು ದೊಡ್ಡ ಕಣದಲ್ಲಿ ಮಿಂಚಿದಾಗ ನಮ್ಮೂರಲ್ಲಿ ಆಡಿದವನು ಎಂದು ಹೆಮ್ಮೆಪಡುವುದನ್ನು ಅವರು ಕಲಿತರು.

1994ರಲ್ಲಿ ಡೇವಿಡ್ ಆಂಡ್ರೂಸ್ ಅಧ್ಯಕ್ಷರಾದರು. 26 ವರ್ಷಗಳ ಅವರ ಅವಧಿ ವಿಸ್ತರಣೆಯ ಕಾಲ. 2001ರಲ್ಲಿ, ಹಳೆಯದರ ಹೆಸರನ್ನೇ ಹೊತ್ತಿದ್ದ ಬೇರೊಂದು ಇಂಟರ್‌ನ್ಯಾಷನಲ್ ಹಾಕಿ ಲೀಗ್ ಮುಚ್ಚಿದಾಗ ಅದರ ಆರು ತಂಡಗಳನ್ನು ಬರಮಾಡಿಕೊಳ್ಳಲಾಯಿತು. ಶಿಕಾಗೊ, ಗ್ರ್ಯಾಂಡ್ ರ‍್ಯಾಪಿಡ್ಸ್, ಹ್ಯೂಸ್ಟನ್, ಮಿಲ್ವಾಕೀ, ಯೂಟಾ ಮತ್ತು ಕೆನಡಾದ ಮ್ಯಾನಿಟೋಬಾ ಹೀಗೆ ಬಂದವು. ಮರುವರ್ಷವೇ ಶಿಕಾಗೊ ವುಲ್ವ್ಸ್ ಕಪ್ ಗೆದ್ದಿತು. ನಿನ್ನೆಯ ಪ್ರತಿಸ್ಪರ್ಧಿಗಳನ್ನು ಸಮಾನ ಸದಸ್ಯರನ್ನಾಗಿ ಸ್ವೀಕರಿಸಿದ 1936ರ ನಡೆ 65 ವರ್ಷಗಳ ನಂತರ ದೊಡ್ಡ ಪ್ರಮಾಣದಲ್ಲಿ ಮರುಕಳಿಸಿತು.

2002–2025: ಪಶ್ಚಿಮ ಕರಾವಳಿಯವರೆಗೆ

ಹೊಸ ಶತಮಾನದಲ್ಲಿ ಲೀಗ್ ಆಟದ ನಿಯಮಗಳ ಪ್ರಯೋಗಶಾಲೆಯೂ ಆಯಿತು. ಸಮವಾದ ಪಂದ್ಯವನ್ನು ಶೂಟೌಟ್‌ನಿಂದ ತೀರ್ಮಾನಿಸುವ ಕ್ರಮವನ್ನು 2004–05ರಲ್ಲಿ ಇಲ್ಲಿ ಅಳವಡಿಸಿದ ಮರುಋತುವಿನಲ್ಲೇ ನ್ಯಾಷನಲ್ ಹಾಕಿ ಲೀಗ್ ಒಪ್ಪಿತು. ಹೆಚ್ಚುವರಿ ಸಮಯದಲ್ಲಿ ಮೂರು ಮೂರು ಆಟಗಾರರು ಎದುರುಬದುರಾಗುವ ಪದ್ಧತಿಯೂ 2014–15ರಲ್ಲಿ ಇಲ್ಲಿ ಪರೀಕ್ಷೆಗೊಳಗಾಗಿ ಮೇಲೆ ಹೋಯಿತು. 2012ರಲ್ಲಿ ಜಾನ್ ಕೂಪರ್ ಅವರ ತರಬೇತಿಯಲ್ಲಿ ನಾರ್ಫಕ್ ಅಡ್ಮಿರಲ್ಸ್ ಸತತ 28 ಪಂದ್ಯ ಗೆದ್ದು ಕಪ್ಪನ್ನೂ ಎತ್ತಿತು.

2015ರಲ್ಲಿ ಸ್ಯಾನ್ ಹೊಸೆ, ಸ್ಯಾನ್ ಡಿಯೆಗೊ, ಬೇಕರ್ಸ್‌ಫೀಲ್ಡ್, ಸ್ಟಾಕ್ಟನ್ ಮತ್ತು ಆಂಟೇರಿಯೊ ಎಂಬ ಕ್ಯಾಲಿಫೋರ್ನಿಯಾದ ಐದು ನಗರಗಳು ಒಟ್ಟಿಗೆ ಸೇರಿದವು. ಹಿಮವೇ ಬೀಳದ ಊರುಗಳಲ್ಲಿ ಮಂಜಿನ ಆಟ ನೆಲೆಯೂರಿತು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಆಟ ನಿಂತು, ಮೇ ತಿಂಗಳಲ್ಲಿ ಋತು ರದ್ದಾಯಿತು. ಯುದ್ಧಕಾಲದಲ್ಲೂ ತಪ್ಪದಿದ್ದ ಕಾಲ್ಡರ್ ಕಪ್ 2020 ಮತ್ತು 2021ರಲ್ಲಿ ಯಾರಿಗೂ ಸಲ್ಲಲಿಲ್ಲ. ಆ ಕಷ್ಟದ ನಡುವೆ ಸ್ಕಾಟ್ ಹೌಸನ್ ಅಧ್ಯಕ್ಷ ಸ್ಥಾನಕ್ಕೆ ಬಂದರು. 2021ರಲ್ಲಿ ಮಹಿಳೆಯರು ತೀರ್ಪುಗಾರರಾಗಿ ಕಣಕ್ಕಿಳಿದರು. ಕೇಟಿ ಗೇ ಅವರಲ್ಲಿ ಮೊದಲ ಮುಖ್ಯ ತೀರ್ಪುಗಾರ್ತಿ. 2022ರಲ್ಲಿ ಕೊಚೆಲ್ಲಾ ವ್ಯಾಲಿ ತಂಡ ಸೇರಿ ಸಂಖ್ಯೆ 32 ಆಯಿತು. ಆ ತಂಡದಲ್ಲಿ ಸಹಾಯಕ ತರಬೇತುದಾರರಾದ ಜೆಸಿಕಾ ಕ್ಯಾಂಪ್‌ಬೆಲ್ ಮುಂದೆ ನ್ಯಾಷನಲ್ ಹಾಕಿ ಲೀಗ್‌ಗೂ ಏರಿದರು.

2023 ಮತ್ತು 2024ರಲ್ಲಿ ಹರ್ಷಿ, 2025ರಲ್ಲಿ ಕೆನಡಾದ ಆಬಟ್ಸ್‌ಫರ್ಡ್ ಕನಕ್ಸ್ ಕಪ್ ಗೆದ್ದವು. ಪಂಜಾಬಿ ಮೂಲದ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿರುವ ಊರು ಆಬಟ್ಸ್‌ಫರ್ಡ್. ಗೆದ್ದ ತಂಡದಲ್ಲಿ ಅದೇ ಪ್ರಾಂತ್ಯದ ಸರ‍್ರೆಯಲ್ಲಿ ಬೆಳೆದ ಅರ್ಷ್‌ದೀಪ್ ಬೈನ್ಸ್ ಇದ್ದರು. ಭಾರತೀಯ ಮೂಲದ ಮನೆಗಳ ಮಕ್ಕಳಿಗೆ ಈ ಆಟ ತಮ್ಮದೂ ಹೌದು ಎನ್ನಿಸಲು ಇಂಥ ಒಬ್ಬ ಆಟಗಾರ ಸಾಕು.

ಊರಿನೊಂದಿಗಿನ ನಂಟಿಗೆ ಹರ್ಷಿಯ ಒಂದು ಸಂಪ್ರದಾಯವೇ ಸಾಕ್ಷಿ. ವರ್ಷಕ್ಕೊಮ್ಮೆ ನಿಗದಿಯಾದ ಪಂದ್ಯದಲ್ಲಿ ತಮ್ಮ ತಂಡ ಮೊದಲ ಗೋಲು ಹೊಡೆದೊಡನೆ ಪ್ರೇಕ್ಷಕರು ತಾವು ತಂದ ಗೊಂಬೆಗಳನ್ನು ಕಣಕ್ಕೆ ಎಸೆಯುತ್ತಾರೆ. ಅವನ್ನು ಆಯ್ದು ಮಕ್ಕಳ ಸೇವಾ ಸಂಸ್ಥೆಗಳಿಗೆ ಹಂಚುತ್ತಾರೆ. 2025ರ ಜನವರಿ 5ರಂದು ಹೀಗೆ ಕೂಡಿದ ಗೊಂಬೆಗಳು 1,02,343.

ತೊಂಬತ್ತರ ಹೊತ್ತಿಗೆ

1936ರ ಎಂಟು ಊರುಗಳಲ್ಲಿ ಪ್ರಾವಿಡೆನ್ಸ್, ಸ್ಪ್ರಿಂಗ್‌ಫೀಲ್ಡ್, ಸಿರಾಕ್ಯೂಸ್, ಕ್ಲೀವ್‌ಲ್ಯಾಂಡ್‌ಗಳಿಗೆ ಇಂದು ಈ ಲೀಗ್‌ನ ಬೇರೆ ತಂಡಗಳಿವೆ. ಫಿಲಡೆಲ್ಫಿಯಾ, ಪಿಟ್ಸ್‌ಬರ್ಗ್, ಬಫಲೋಗಳು ನ್ಯಾಷನಲ್ ಹಾಕಿ ಲೀಗ್‌ನ ನಗರಗಳಾಗಿವೆ. ಲೀಗ್‌ಗೆ ಮೊದಲ ಅಧ್ಯಕ್ಷರನ್ನು ಕೊಟ್ಟ ನ್ಯೂ ಹೇವನ್‌ಗೆ ಮಾತ್ರ ಇಂದು ತಂಡವಿಲ್ಲ. ಕೇಂದ್ರ ಕಚೇರಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿದೆ.

ಎರಡನೆಯ ಮೆಟ್ಟಿಲಾಗಿ ಉಳಿಯುವುದನ್ನು ಈ ಸಂಸ್ಥೆ ಕೊರತೆಯೆಂದು ಭಾವಿಸಲಿಲ್ಲ. ಮೇಲಿನವರಿಗೆ ಆಟಗಾರರನ್ನೂ ತರಬೇತುದಾರರನ್ನೂ ತೀರ್ಪುಗಾರರನ್ನೂ ನಿಯಮಗಳನ್ನೂ ಕೊಟ್ಟಿತು. ಚಿಕ್ಕ ಊರುಗಳಿಗೆ ತಮ್ಮದೇ ತಂಡವನ್ನು ಕೊಟ್ಟಿತು. ಈ ಎರಡು ಹೊಣೆಗಳು ಆಗಾಗ ಎದುರುಬದುರಾದದ್ದುಂಟು. ಹಾಗಾದಾಗೆಲ್ಲ ಊರುಗಳು ಉಳಿದರೆ ಮಾತ್ರ ಶಾಲೆ ಉಳಿಯುತ್ತದೆ ಎಂಬುದನ್ನು ಮುಂದಿನ ಆಡಳಿತಗಾರರು ನೆನಪಿಡಬೇಕು. ನೂರರತ್ತ ಹೆಜ್ಜೆ ಹಾಕುವಾಗ ಹಳೆಯ ಅರೀನಾಗಳ ಚಿತ್ರಗಳನ್ನೂ, ಮುಚ್ಚಿಹೋದ ಕ್ಲಬ್‌ಗಳ ದಾಖಲೆಗಳನ್ನೂ ಒಂದೆಡೆ ಕೂಡಿಸಿ ಕಾಪಾಡುವುದು ಅವರ ಮುಂದಿರುವ ತುರ್ತು ಕೆಲಸ. 2006ರಲ್ಲಿ ಸ್ಥಾಪಿಸಿದ ಗೌರವ ಪಟ್ಟಿ ಅದಕ್ಕೆ ಒಳ್ಳೆಯ ಆರಂಭ.

ಸ್ಯಾನ್ ಹೊಸೆ, ಶಿಕಾಗೊ ಮೊದಲಾದ ಕಡೆ ನೆಲೆಸಿರುವ ಕನ್ನಡಿಗರ ಮನೆಗೆ ಈ ಲೀಗ್‌ನ ಅರೀನಾ ದೂರವೇನಲ್ಲ. ಒಂದು ಸಂಜೆ ಮಕ್ಕಳೊಂದಿಗೆ ಹೋಗಿ ಪಂದ್ಯ ನೋಡಿ ಬನ್ನಿ. ನಾಳೆ ದೊಡ್ಡ ಹೆಸರು ಮಾಡಲಿರುವ ಆಟಗಾರರನ್ನು ಇಂದೇ ಹತ್ತಿರದಿಂದ ಕಾಣುತ್ತೀರಿ. ನೀವು ನೆಲೆಸಿದ ಊರನ್ನು ನಮ್ಮೂರು ಎನ್ನಲು ಅದೂ ಒಂದು ದಾರಿ.